ಹಸಿರು ದೀಪದ ಬಸಲಿಂಗಮ್ಮ

ಎದುರಿನವರ ದನಿ ಕೇಳಿದ ಮಾತ್ರಕ್ಕೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಲ್ಲವರು ಇದ್ದಾರೆ. ನನ್ನ ಹೆಂಡತಿ ಸುವರ್ಣಾ ಅಂಥವಳು. ಪಕ್ಕದ ಮನೆಯವರು ಗೋಡೆಯಾಚೆ ಕೆಮ್ಮಿದರೆ ಅದು ನೆಗಡಿಯ ಕೆಮ್ಮೋ, ಬೇಸರದ ಕೆಮ್ಮೋ ಎಂದು ಒಲೆಯ ಮುಂದೆ ನಿಂತೇ ಹೇಳಿಬಿಡುತ್ತಾಳೆ. ನನಗೆ ಆ ಶಕ್ತಿ ಇಲ್ಲ. ವಿನಯಕ್ಕೆ ಹೇಳುತ್ತಿಲ್ಲ, ಸಾಕ್ಷಿಗಳಿವೆ. ಹೆಣ್ಣು ನೋಡಲು ಮುದನಾಳಕ್ಕೆ ಹೋದ ದಿನ, ಮುಂದೆ ನನ್ನ ಮಾವನಾಗಲಿದ್ದವರು ನನ್ನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಒಮ್ಮೆ ನೋಡಿ, "ಆತು, ನೋಡಿದ್ದು ಸಾಕು, ಏಳ್ರಿ" ಎಂದರು. ಆ ದನಿಗೆ ನಾನು ಎದ್ದು, ಚಪ್ಪಲಿ ಮೆಟ್ಟಿ, ನೇರವಾಗಿ ಬಸ್ಸಿನ ದಾರಿ ಹಿಡಿದೆ. ಅವರ ಕಡೆಯವರೊಬ್ಬರು ಸೈಕಲ್ಲಿನಲ್ಲಿ ಬೆನ್ನಟ್ಟಿ ಬಂದು, ಹುಡುಗ ಒಪ್ಪಿಗೆಯಾಗಿದ್ದಾನೆಂದೂ, ಏಳಲು ಹೇಳಿದ್ದು ಊಟಕ್ಕೆಂದೂ, ಹೋಳಿಗೆ ಆರುತ್ತಿದೆಯೆಂದೂ ತಿಳಿಸಿದ ಮೇಲೆ ಮದುವೆ ನಡೆಯಿತು. ಮಾವನವರು ಬದುಕಿರುವವರೆಗೆ ಬಂದವರಿಗೆಲ್ಲ ನನ್ನನ್ನು "ಓಡಿಹೋದ ಅಳಿಯ" ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಅದನ್ನು ಬಹಳ ಪ್ರೀತಿಯಿಂದ ಹೇಳುತ್ತಿದ್ದರಂತೆ. ಇದೂ ಸುವರ್ಣಾ ಹೇಳಿದ್ದೇ.

ಇಂಥವನಿಗೆ ಸಿಕ್ಕ ಕೆಲಸ ಫೋನಿನದು. ಸುರಪುರದಲ್ಲಿ ಕಾಲುವೆಗೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ನೀರು ಬಾರದವರು, ಬೇಡವೆಂದರೂ ಬಂದವರು, ಪಕ್ಕದ ಹೊಲಕ್ಕೆ ಬಂದದ್ದನ್ನು ನೋಡಿ ಸಹಿಸಲಾಗದವರು ಫೋನ್ ಮಾಡುತ್ತಾರೆ. ನಾನು ಎತ್ತಿ, ಕೇಳಿ, ರಿಜಿಸ್ಟರಿನಲ್ಲಿ ಬರೆಯುತ್ತೇನೆ. ನಮ್ಮ ಸೀಮೆಯವರ ಮಾತು ನಿಮಗೆ ಗೊತ್ತಿರಬಹುದು. ಶಹಾಪುರದವನು "ಆರಾಮ ಅದೀರಿಲ್ಲೋ" ಎಂದು ಕೇಳಿದರೆ ಮೈಸೂರಿನವರು ಮೊದಲು ತಮ್ಮ ತಪ್ಪೇನೆಂದು ಯೋಚಿಸುತ್ತಾರೆ. ನಾವು ಅದರಲ್ಲೇ ಹುಟ್ಟಿ ಬೆಳೆದವರಾದ್ದರಿಂದ ನಮಗೇನೂ ಅನಿಸುವುದಿಲ್ಲ. ನನಗೆ ತೊಂದರೆ ಬೇರೆ. ಸಿಟ್ಟಿನಲ್ಲಿ ಮಾತಾಡಿದವರೂ ಸಮಾಧಾನದಲ್ಲಿ ಮಾತಾಡಿದವರೂ ನನ್ನ ಕಿವಿಗೆ ಒಂದೇ. ಹೀಗಾಗಿ ಹದಿನೆಂಟು ವರ್ಷ ನಾನು ಎಲ್ಲರನ್ನೂ ಸಮನಾಗಿ ಕಂಡೆ. ಇದನ್ನು ಸಾಹೇಬರು ಒಮ್ಮೆ ನನ್ನ ಗುಣವೆಂದು ಬರೆದಿದ್ದಾರೆ.

ಹೀಗಿರುವಾಗ ನಮ್ಮ ಕಚೇರಿಗೆ ಯಂತ್ರ ಬಂತು. ಯಂತ್ರವೆಂದರೆ ಕಣ್ಣಿಗೆ ಕಾಣುವಂಥದ್ದೇನಲ್ಲ. ಫೋನಿಗೂ ಕಂಪ್ಯೂಟರಿಗೂ ನಡುವೆ ಒಂದು ವೈರು, ಪರದೆಯ ಮೂಲೆಯಲ್ಲಿ ದುಂಡನೆಯ ಒಂದು ದೀಪ. ಅಷ್ಟೇ. ಫೋನ್ ಮಾಡಿದವನಿಗೆ ಸಿಟ್ಟಿದ್ದರೆ ದೀಪ ಕೆಂಪು, ದುಃಖವಿದ್ದರೆ ನೀಲಿ, ಸಂತೋಷವಿದ್ದರೆ ಹಸಿರು, ಏನೂ ಇಲ್ಲದಿದ್ದರೆ ಬೂದು. ಅದನ್ನು ಕೂರಿಸಲು ಬೆಂಗಳೂರಿನ ಒಂದು ಕಂಪನಿಯಿಂದ ಸ್ಮಿತಾ ಎಂಬ ಇಂಜಿನಿಯರ್ ಹುಡುಗಿ ಬಂದಿದ್ದಳು. ಬಹಳ ಮೃದುವಾಗಿ ಮಾತಾಡುತ್ತಿದ್ದಳು. ಆಕೆ ಮಾತು ಮುಗಿಸಿದ್ದು ನಮಗೆ ಸ್ವಲ್ಪ ಹೊತ್ತಾದ ಮೇಲೆ ತಿಳಿಯುತ್ತಿತ್ತು. ಯಂತ್ರಕ್ಕೆ ಮಾತಿನ ಅರ್ಥ ಗೊತ್ತಿಲ್ಲವೆಂದು ಆಕೆ ವಿವರಿಸಿದಳು. ದನಿ ಎಷ್ಟು ಎತ್ತರ, ಎಷ್ಟು ಜೋರು, ಎಷ್ಟು ವೇಗ, ಎಲ್ಲಿ ನಡುಗಿತು, ಎಲ್ಲಿ ನಿಂತಿತು ಎಂಬುದನ್ನಷ್ಟೇ ಅದು ಅಳೆಯುತ್ತದೆ. ಮೊದಲು ಸಾವಿರಾರು ದನಿಗಳನ್ನು ಅದಕ್ಕೆ ಕೇಳಿಸಿ, ಇದು ಸಿಟ್ಟು, ಇದು ದುಃಖ ಎಂದು ಹೇಳಿಕೊಟ್ಟಿರುತ್ತಾರೆ. ಆಮೇಲೆ ಹೊಸ ದನಿ ಕೇಳಿದಾಗ ಅದು ಯಾವುದನ್ನು ಹೋಲುತ್ತದೆ ಎಂದು ತಾನೇ ನೋಡಿ ಹೇಳುತ್ತದೆ. ಆ ಸಾವಿರಾರು ದನಿ ಯಾರವು ಎಂದು ಕೇಳಿದೆ. ನಾಟಕದವರವು ಎಂದಳು. ಬೆಂಗಳೂರಿನಲ್ಲಿ ಸದ್ದು ಬಾರದ ಕೋಣೆಯೊಳಗೆ ಅವರನ್ನು ಕೂರಿಸಿ "ಬಾಗಿಲು ತೆರೆದಿದೆ" ಎಂಬ ಒಂದೇ ವಾಕ್ಯವನ್ನು ಸಿಟ್ಟಿನಿಂದ, ಅಳುತ್ತಾ, ನಗುತ್ತಾ ಹೇಳಿಸಿದ್ದರಂತೆ. ಬಾಗಿಲು ತೆರೆದಿದ್ದಕ್ಕೆ ಅಷ್ಟೊಂದು ಜನ ಅತ್ತದ್ದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಕಚೇರಿಯಲ್ಲಿ ಆ ಯಂತ್ರವನ್ನು ಕಂಡು ಸಂತೋಷಪಟ್ಟವನು ನಾನೊಬ್ಬನೇ. ಕಣ್ಣು ಮಂದವಾದವನಿಗೆ ಕನ್ನಡಕ ಸಿಕ್ಕಂತಾಯಿತು. ಮೇಲಿನಿಂದ ಆದೇಶವೂ ಬಂತು. ಕೆಂಪು ದೀಪದವರ ಊರಿಗೆ ಅದೇ ದಿನ ಜೀಪು ಹೋಗಬೇಕು. ನೀಲಿಯವರಿಗೆ ಮರುದಿನ. ಬೂದು ಬಣ್ಣದವರಿಗೆ ಸರದಿಯಂತೆ. ಹಸಿರು ಬಣ್ಣದವರು ಸಂತೋಷವಾಗಿರುವುದರಿಂದ ಅವರ ಬಗ್ಗೆ ಕ್ರಮ ಬೇಕಿಲ್ಲ. ಓದುವುದಕ್ಕೆ ಬಹಳ ನ್ಯಾಯವಾಗಿ ಕಾಣುತ್ತಿತ್ತು.

ಮೊದಲ ವಾರ ಎಲ್ಲರೂ ಕೆಂಪು. ನೀರು ಬಾರದವನು ಕೆಂಪು, ನೀರು ಬಂತೆಂದು ಹೇಳಲು ಫೋನ್ ಮಾಡಿದವನೂ ಕೆಂಪು. ಶಹಾಪುರದಿಂದ ಒಬ್ಬರು ಮಗಳ ಮದುವೆಗೆ ಕರೆದರು, ದೀಪ ಉರಿದುಹೋಗುವಂತೆ ಕೆಂಪಾಯಿತು. ನಮ್ಮದೊಂದೇ ಜೀಪು. ಅದು ಇದ್ದಬದ್ದ ಊರಿಗೆಲ್ಲ ಹೋಗಿ, ಶನಿವಾರ ತಾನೇ ಕೈಕೊಟ್ಟಿತು. ಸ್ಮಿತಾ ಬಂದು ಯಂತ್ರ ಸಿಟ್ಟೆಂದು ಎಣಿಸುವ ಗೆರೆಯನ್ನು ಮೇಲೇರಿಸಿದಳು. ಈಗ ನಿಜವಾಗಿ ಕಿರುಚಿದವರಿಗೆ ಮಾತ್ರ ಕೆಂಪು ಹತ್ತತೊಡಗಿತು. ಈ ಸುದ್ದಿ ಕಾಲುವೆಯ ನೀರಿಗಿಂತ ಬೇಗ ಊರೂರಿಗೆ ಮುಟ್ಟಿತು. ಕಿರುಚಿದವರ ಹೊಲಕ್ಕೆ ಜೀಪು ಬರುತ್ತದೆ ಎಂದಾದ ಮೇಲೆ ಸಂಭಾವಿತರೂ ಕಿರುಚತೊಡಗಿದರು. ಒಬ್ಬ ಮುದುಕರಂತೂ ಮೊದಲೇ ಅಪ್ಪಣೆ ಕೇಳಿಕೊಂಡರು. "ಸಾಹೇಬ್ರ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಈಗ ಜರಾ ಒದರತೀನಿ, ತಪ್ಪು ತಿಳಕೋಬ್ಯಾಡ್ರಿ" ಎಂದು ಹೇಳಿ, ಗಂಟಲು ಸರಿಮಾಡಿಕೊಂಡು ಕೂಗಿದರು. ಮುಗಿದ ಮೇಲೆ, ಸಾಕಾಯಿತೋ ಇನ್ನೂ ಬೇಕೋ ಎಂದು ಕೇಳಿದರು. ನಾನು ದೀಪ ನೋಡಿ, ಇನ್ನೊಂದಿಷ್ಟು ಬೇಕು ಎಂದೆ.

ಯಂತ್ರ ಫೋನ್ ಮಾಡಿದವರ ದನಿಯ ಜೊತೆಗೆ ಎತ್ತಿದವನ ದನಿಯನ್ನೂ ಅಳೆಯುತ್ತದೆ ಎಂಬುದು ನನಗೆ ತಿಂಗಳ ಕೊನೆಗೆ ತಿಳಿಯಿತು. ಸಾಹೇಬರು ಕರೆದು ಒಂದು ಹಾಳೆ ತೋರಿಸಿದರು. ಅದರ ಪ್ರಕಾರ ನಾನು ತಿಂಗಳುದ್ದಕ್ಕೂ ಸಿಟ್ಟಿನಲ್ಲಿದ್ದೆ. "ನಮಸ್ಕಾರ, ಹೇಳ್ರಿ" ಎನ್ನುವಲ್ಲಿ ಸಿಟ್ಟು ಎಲ್ಲಕ್ಕಿಂತ ಹೆಚ್ಚಿತ್ತು. ನನಗೆ ಸಿಟ್ಟೇ ಬಂದಿರಲಿಲ್ಲ ಎಂದು ಹೇಳಿದೆ. ಹೇಳುವಾಗ ದನಿ ಸ್ವಲ್ಪ ಏರಿರಬೇಕು. ಸಾಹೇಬರು ಹಾಳೆಯನ್ನೂ ನನ್ನನ್ನೂ ಒಂದರ ನಂತರ ಒಂದರಂತೆ ನೋಡಿದರು. ಇನ್ನು ಮುಂದೆ ಮೃದುವಾಗಿ ಮಾತಾಡಬೇಕೆಂದೂ, ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಬೇಕೆಂದೂ ಹೇಳಿದರು.

ಅಭ್ಯಾಸ ಮಾಡಿದೆ. ಸಂಜೆ ಮನೆಗೆ ಹೋಗಿ, ಸ್ಮಿತಾಳ ಹಾಗೆಯೇ ಕೊರಳು ಇಳಿಸಿ, "ಸುವರ್ಣಾ, ಒಂದು ಲೋಟ ನೀರು ಕೊಡ್ತೀಯಾ?" ಎಂದು ಕೇಳಿದೆ. ಸುವರ್ಣಾ ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು. ನೀರು ಕೊಟ್ಟಳು, ಹಣೆ ಮುಟ್ಟಿ ನೋಡಿದಳು. ಮರುದಿನವೂ ನಾನು ಹಾಗೆಯೇ ಮಾತಾಡಿದೆ. ಮೂರನೆಯ ದಿನ ಕಚೇರಿಯಿಂದ ಬಂದರೆ ರಾಮಸಮುದ್ರದಿಂದ ನನ್ನ ಅಕ್ಕ ಬಂದು ಪಡಸಾಲೆಯಲ್ಲಿ ಕುಳಿತಿದ್ದಳು. ಸುವರ್ಣಾ ಫೋನ್ ಮಾಡಿ ಕರೆಸಿದ್ದಳು. ಅಕ್ಕ ನನ್ನನ್ನು ಹತ್ತಿರ ಕೂರಿಸಿಕೊಂಡು, ಡಾಕ್ಟರು ಏನಾದರೂ ಹೇಳಿದ್ದಾರೆಯೇ, ಮುಚ್ಚಿಡಬೇಡ ಎಂದಳು. ಏನೂ ಇಲ್ಲ ಅಕ್ಕ ಎಂದು ಮೃದುವಾಗಿ ಹೇಳಿದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೆ ಮನೆಯ ಅಭ್ಯಾಸ ನಿಲ್ಲಿಸಿದೆ.

ಈ ಕೆಂಪಿನ ನಡುವೆ ನನಗೆ ನೆಮ್ಮದಿ ಕೊಡುತ್ತಿದ್ದದ್ದು ಬಸಲಿಂಗಮ್ಮನ ಫೋನು. ಕಕ್ಕೇರಾದಿಂದಾಚೆ, ಕಾಲುವೆ ಕವಲೊಡೆದು ಕವಲೊಡೆದು ಕೊನೆಗೆ ಹೆಸರಿಲ್ಲದ ತಗ್ಗಾಗುವ ಕಡೆ ಆಕೆಯ ಹೊಲ. ಎರಡು ಎಕರೆ ಭತ್ತ. ಗಂಡ ಇಲ್ಲ, ತಾನೇ ನೋಡಿಕೊಳ್ಳುತ್ತಾಳೆ. ದಿನಾ ಒಂಬತ್ತೂವರೆಗೆ ಸರಿಯಾಗಿ ಫೋನ್ ಮಾಡುತ್ತಿದ್ದಳು. ಸಣ್ಣ ದನಿ. ಪ್ರತಿ ಮಾತಿನ ಕೊನೆಗೆ ಒಂದು ಚಿಕ್ಕ ನಗು. ದೀಪ ಹಸಿರಾಗುತ್ತಿತ್ತು. ನಮ್ಮ ಕಚೇರಿಯಲ್ಲಿ ಹಸಿರು ಹತ್ತಿದ್ದು ಆಕೆಯೊಬ್ಬಳಿಗೇ. ನಾನು ಆ ಹೊತ್ತಿಗೆ ಚಹಾ ತರಿಸಿಟ್ಟುಕೊಂಡು ಕಾಯುತ್ತಿದ್ದೆ. ರಿಜಿಸ್ಟರಿನಲ್ಲಿ ದಿನಾ "ಸಂತೋಷ, ಕ್ರಮ ಬೇಕಿಲ್ಲ" ಎಂದು ದುಂಡಗೆ ಬರೆಯುತ್ತಿದ್ದೆ. ಸಾಹೇಬರಿಗೂ ಹೇಳಿದೆ. ಕಾಲುವೆಯ ಕೊನೆಯ ಭಾಗದ ರೈತರಲ್ಲಿ ಸಂತೃಪ್ತಿ ಕಂಡುಬಂದಿದೆ ಎಂದು ಅವರು ಮೇಲಕ್ಕೆ ವರದಿ ಕಳಿಸಿದರು. ಆಕೆ ಏನು ಹೇಳುತ್ತಿದ್ದಳು ಎಂದು ನೀವು ಕೇಳಬಹುದು. ನೀರು ಮುಟ್ಟಿಲ್ಲ ಎಂದು ಹೇಳುತ್ತಿದ್ದಳು. ಎಂಟು ದಿನವೂ ಅದನ್ನೇ ಹೇಳಿದಳು. ನನ್ನ ಕಿವಿಗೆ ಅದು ಬೀಳುತ್ತಿತ್ತು. ಆದರೆ ನಾನು ನೋಡುತ್ತಿದ್ದದ್ದು ದೀಪವನ್ನು.

ಒಂಬತ್ತನೆಯ ದಿನ ಹಣಮಂತ್ರಾಯ ಕಚೇರಿಗೆ ಬಂದಿದ್ದ. ಆ ಕಡೆಯ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಅವನದು, ಮಾತು ಕಡಿಮೆ. ಯಾವುದೋ ಕಾಗದಕ್ಕೆ ಸಹಿ ಮಾಡಲು ಬಂದವನು ನನ್ನ ಮೇಜಿನ ಬಳಿ ಕುಳಿತಿದ್ದ. ಒಂಬತ್ತೂವರೆಗೆ ಫೋನು ಬಂತು. ಯಂತ್ರದ ಕೀರ್ತಿ ಅವನಿಗೂ ತಿಳಿಯಲಿ ಎಂದು ನಾನು ಸ್ಪೀಕರ್ ಹಾಕಿದೆ.

"ಇವತ್ತೊಂದ ದಿನಾ ರೀ ಸಾಹೇಬ್ರ. ನಾಳಿಂದ ನಿಮಗ ತ್ರಾಸ ಕೊಡಂಗಿಲ್ರಿ" ಎಂದು ನಕ್ಕಳು. "ಕುರಿಯವರು ಬಂದು ಬದುವಿನ ಮ್ಯಾಲ ಕುಂತಾರ. ನೆಲ್ಲು ಹೆಂಗೂ ಜೊಳ್ಳ ಆಗತಾದ. ಕುರಿಯಾದ್ರೂ ಮೇಯಲಿ ಅಂತ" ಎಂದು ಮತ್ತೆ ನಕ್ಕಳು. ಫೋನ್ ಇಟ್ಟಳು. ದೀಪ ಎಂದೂ ಇಲ್ಲದಷ್ಟು ಹಸಿರಾಗಿತ್ತು. ನಾನು ಅದನ್ನು ಹಣಮಂತ್ರಾಯನಿಗೆ ಬೆರಳಿಟ್ಟು ತೋರಿಸಿದೆ.

ಅವನು ದೀಪ ನೋಡಲಿಲ್ಲ. ಫೋನನ್ನೇ ನೋಡುತ್ತಿದ್ದ. "ಆಕಿ ನಗಾಕತ್ತಿಲ್ರಿ ಸಾಹೇಬ್ರ" ಎಂದ. "ಮುಂದಿನ ಮಾತು ಬಾಯಿಗಿ ಬರವಲ್ದು. ಅದಕ್ಕ ಹಂಗ ಉಸರ ಬಿಡಾಕತ್ತಾಳ."

ನಾನು ಚಹಾದ ಲೋಟ ಹಿಡಿದುಕೊಂಡೇ ಇದ್ದೆ. ಎಷ್ಟು ದಿನದಿಂದ ನೀರು ಹೋಗಿಲ್ಲ ಎಂದು ಅವನು ಕೇಳಿದ. ರಿಜಿಸ್ಟರು ತೆರೆದೆ. ಎಂಟು ದಿನದ ಸಂತೋಷ ನನ್ನದೇ ದುಂಡನೆಯ ಅಕ್ಷರದಲ್ಲಿ ಒಂದರ ಕೆಳಗೊಂದು ಸಾಲಾಗಿತ್ತು. ತಾನು ಗೇಟು ಏರಿಸಿಯೇ ಇದ್ದೇನೆಂದೂ, ನೀರು ಹೋಗಿಲ್ಲವೆಂದರೆ ನಡುವೆ ಯಾರೋ ಅಡ್ಡ ಕಟ್ಟಿರಬೇಕೆಂದೂ, ತೆನೆ ಹೊರಡುವ ಹೊತ್ತಿನಲ್ಲಿ ಭತ್ತಕ್ಕೆ ನೀರು ತಪ್ಪಿದರೆ ಎಂಟನೆಯ ದಿನದಿಂದಲೇ ಕಾಳು ಜೊಳ್ಳಾಗತೊಡಗುತ್ತದೆಂದೂ ಅವನು ಹೇಳಿದ. ಇನ್ನೂ ಪೂರ್ತಿ ಕೆಟ್ಟಿರಲಾರದು, ಕುರಿ ಇಳಿದರೆ ಮಾತ್ರ ಕೆಲಸ ಮುಗಿಯಿತು ಎಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಅದಕ್ಕೂ ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ.

ನಾನು ಬಸಲಿಂಗಮ್ಮನಿಗೆ ಮರಳಿ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಕುರಿ ನಿಲ್ಲಿಸು ಎಂದು ಹೇಳಿದ್ದಂತೂ ನಿಜ. ಬರುವ ಹೋಗುವ ಕಾಗದಗಳ ಆವಕ ಜಾವಕ ನೋಡುವ ಶಹನಾಜ್ ಬೇಗಂ ತನ್ನ ಕುರ್ಚಿಯಿಂದ ಎದ್ದು ನಿಂತದ್ದು ನೆನಪಿದೆ. ಜೀಪು ಬೇರೆ ಕಡೆ ಹೋಗಿತ್ತು, ಯಾವುದೋ ಕೆಂಪು ದೀಪದ ಹೊಲಕ್ಕೆ. ಹಣಮಂತ್ರಾಯನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಹೊರಟೆ. ಕಕ್ಕೇರಾದ ದಾರಿ ಅಷ್ಟು ಉದ್ದವಿದೆ ಎಂದು ನಕಾಶೆಯಲ್ಲಿ ಎಂದೂ ಅನಿಸಿರಲಿಲ್ಲ. ಎಂಟು ದಿನ ಆಕೆ ನನಗೆ ಹೇಳಿದ್ದು ಆ ದಾರಿಯಲ್ಲಿ ಒಂದೊಂದಾಗಿ ನೆನಪಾಗುತ್ತ ಬಂತು. "ತೆನಿ ಈಗ ಹೊರಗ ಬರಾಕತ್ತಾವ ರೀ" ಎಂದು ಮೂರನೆಯ ದಿನ ಹೇಳಿದ್ದಳು. ಆ ದಿನ ನಾನು, ಬಹಳ ಸಂತೋಷ ಎಂದಿದ್ದೆ.

ಬದುವಿನ ಮೇಲೆ ಕುರಿಯವರು ಇನ್ನೂ ಕುಳಿತಿದ್ದರು. ನೂರಕ್ಕೂ ಮೇಲೆ ಕುರಿಗಳು ಭತ್ತದ ಕಡೆ ಮುಖ ಮಾಡಿ ನಿಂತಿದ್ದವು, ಎಲೆಯ ಮುಂದೆ ಕುಳಿತ ಬೀಗರ ಹಾಗೆ. ಬಸಲಿಂಗಮ್ಮ ಹೊಲದ ಬಾಯಿಗೆ ಅಡ್ಡಲಾಗಿ ಒಂದು ಕಟ್ಟಿಗೆ ಹಿಡಿದು ನಿಂತಿದ್ದಳು. ನಾನು ಎಣಿಸಿದ್ದಕ್ಕಿಂತ ವಯಸ್ಸಾದವಳು, ಎಣಿಸಿದ್ದಕ್ಕಿಂತ ಗಿಡ್ಡ. ಸುರಪುರದಿಂದ ಬಂದೆ, ಫೋನಿನವನು ಎಂದೆ. ಆಕೆ ಕಟ್ಟಿಗೆಯ ತುದಿಯಿಂದ ನೆಲ ತೋರಿಸಿದಳು. ಒದ್ದೆಯಾಗಿರಬೇಕಿದ್ದ ನೆಲ ಸೀಳಿತ್ತು. ಕಾಲಿನ ಹೆಬ್ಬೆರಳು ಒಳಗೆ ಹೋಗುವಷ್ಟು ಸೀಳು. ನಾನು ಅಲ್ಲಿ ನಿಲ್ಲಲಾರದೆ ಹಣಮಂತ್ರಾಯನ ಹಿಂದೆ ಕಾಲುವೆಯ ಗುಂಟ ನಡೆದೆ.

ಮೂರು ಹೊಲ ದಾಟುವುದರೊಳಗೆ ಅಡ್ಡಗಟ್ಟು ಸಿಕ್ಕಿತು. ಕಲ್ಲು, ಮಣ್ಣು ತುಂಬಿದ ಗೊಬ್ಬರದ ಚೀಲ, ಅದರ ಮೇಲೆ ತಗಡು. ಕಟ್ಟಿದವನು ಪಕ್ಕದ ಹೊಲದಲ್ಲೇ ಇದ್ದ. ಬಂದು ನೋಡಿ, ತಾನೂ ಹಿಂದೆ ಒಮ್ಮೆ ಫೋನ್ ಮಾಡಿದ್ದೆನೆಂದೂ, ದನಿ ಜೋರಿಲ್ಲದ್ದಕ್ಕೆ ಯಾರೂ ಬರಲಿಲ್ಲವೆಂದೂ, ಅದಕ್ಕೇ ತಾನೇ ವ್ಯವಸ್ಥೆ ಮಾಡಿಕೊಂಡೆನೆಂದೂ ಹೇಳಿದ. ಅವನ ಹೆಸರಿನ ಮುಂದೆ ನಾನು ಬೂದು ಎಂದು ಬರೆದದ್ದು ನೆನಪಾಯಿತು. ನಾನು ಪ್ಯಾಂಟು ಮಡಚಿಕೊಂಡೆ. ಮೂವರೂ ಸೇರಿ ಚೀಲ ಎಳೆದೆವು. ಹದಿನೆಂಟು ವರ್ಷ ಕಾಲುವೆಯ ಕೆಲಸ ಮಾಡಿದ ನಾನು ಕಾಲುವೆಯೊಳಗೆ ಇಳಿದದ್ದು ಅದೇ ಮೊದಲು. ಕೊನೆಯ ಚೀಲ ಬಂದಾಗ ನೀರು ನನ್ನ ಎರಡೂ ಚಪ್ಪಲಿಯನ್ನು ಎತ್ತಿಕೊಂಡು ಬಸಲಿಂಗಮ್ಮನ ಹೊಲದ ಕಡೆ ಹೋಯಿತು.

ನೀರು ಆಕೆಯ ಹೊಲದ ಬಾಯಿಗೆ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಮೊದಲು ಸೀಳುಗಳು ಕುಡಿದವು. ಆಮೇಲೆ ನೀರು ನಿಲ್ಲತೊಡಗಿತು. ಬಸಲಿಂಗಮ್ಮ ಕಟ್ಟಿಗೆ ಕೆಳಗೆ ಹಾಕಿ, ನನ್ನ ಕಡೆ ತಿರುಗಿ, ಫೋನಿನಲ್ಲಿ ಒಮ್ಮೆಯೂ ಕೇಳದಂಥ ದನಿ ತೆಗೆದಳು. "ಒಂಬತ್ತ ದಿನಾ ಫೋನ್ ಮಾಡೀನಿ. ಕಿವಿ ಎಲ್ಲಿಟ್ಟಿದ್ದಿ ಯಪ್ಪಾ? ಈಗ ಬಂದಾನ, ಬರಿಗಾಲಾಗ!" ಇನ್ನೂ ಬಹಳ ಹೇಳಿದಳು. ಕುರಿಗಳು ಎರಡು ಹೆಜ್ಜೆ ಹಿಂದೆ ಸರಿದವು. ನಾನೂ ಸರಿದೆ. ಸಿಟ್ಟು ಇಳಿದ ಮೇಲೆ ಬರೋಣ ಎಂದು ಹಣಮಂತ್ರಾಯನ ಕಿವಿಯಲ್ಲಿ ಹೇಳಿದೆ. ಅವನು ನಕ್ಕು, ಆಕೆ ಈಗ ಖುಷಿಯಾಗಿದ್ದಾಳೆ, ರೊಟ್ಟಿ ತಿನ್ನದೆ ಹೊರಟರೆ ಮಾತ್ರ ಸಿಟ್ಟಾಗುತ್ತಾಳೆ ಎಂದ. ಹಾಗೆಯೇ ಆಯಿತು. ಬೈಯುತ್ತಲೇ ರೊಟ್ಟಿ ಕೊಟ್ಟಳು, ಬೈಯುತ್ತಲೇ ಶೇಂಗಾ ಹಿಂಡಿ ಹಾಕಿದಳು. ಕುರಿಯವರಿಗೂ ಕೊಟ್ಟಳು, ಅಡ್ಡಗಟ್ಟು ಹಾಕಿದವನಿಗೂ ಕೊಟ್ಟಳು. ಅವನಿಗೆ ಬೈಗುಳ ಸ್ವಲ್ಪ ಹೆಚ್ಚು ಬಿತ್ತು. ಒಂದು ಮೂಲೆಯ ಭತ್ತ ಜೊಳ್ಳಾಯಿತು. ಉಳಿದದ್ದು ಕೈಗೆ ಬಂತು. ಆ ಮೂಲೆ ನನ್ನದು ಎಂದು ನಾನು ತಿಳಿದುಕೊಂಡಿದ್ದೇನೆ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಸ್ಮಿತಾ ಮತ್ತೆ ಬಂದಳು. ಆಕೆ ಬಹಳ ಒಳ್ಳೆಯ ಹುಡುಗಿ. ತಪ್ಪನ್ನು ಯಂತ್ರದ ಮೇಲೆ ಹಾಕಲಿಲ್ಲ. ಕಲಿಸಿದ್ದನ್ನೇ ಅದು ಹೇಳಿತು, ನಾವು ಕಲಿಸಿದ ದನಿಗಳು ಇಲ್ಲಿಯವಲ್ಲ ಎಂದಳು. ಇನ್ನು ಇಲ್ಲಿಯ ದನಿಗಳಿಂದಲೇ ಕಲಿಸಬೇಕು. ಅದಕ್ಕಾಗಿ ನಮ್ಮ ಕಚೇರಿಯ ಫೋನಿನ ಮಾತುಗಳನ್ನು ಹೆಸರು ತೆಗೆದು, ಎರಡು ಮೂರು ಮಾತಿನ ತುಂಡುಗಳಾಗಿ ಕತ್ತರಿಸಿ ತಂದಿದ್ದಳು. ಒಂದೊಂದು ತುಂಡನ್ನೂ ಮೂವರು ಬೇರೆ ಬೇರೆಯಾಗಿ ಕೇಳಿ, ಇದು ಯಾವ ಭಾವ ಎಂದು ಗುರುತು ಹಾಕಬೇಕು. ಇಬ್ಬರು ಒಪ್ಪಿದ್ದು ಸರಿ. ಪಟ್ಟಿಯಲ್ಲಿ ಬಿಟ್ಟುಹೋದದ್ದೇನಾದರೂ ಇದೆಯೇ ಎಂದು ಕೇಳಿದಾಗ ಹಣಮಂತ್ರಾಯ, "ಅಂಜಿಕಿ ಇಲ್ಲೇ ಇಲ್ಲಲ್ರಿ" ಎಂದ. ಸೇರಿಸಿದಳು. ಕೇಳುವ ಮೂವರಲ್ಲಿ ಅವನೊಬ್ಬ, ಶಹನಾಜ್ ಬೇಗಂ ಒಬ್ಬಳು. ಮೂರನೆಯವನಾಗಿ ಅನುಭವದ ಆಧಾರದ ಮೇಲೆ ನನ್ನನ್ನು ಆರಿಸಿದರು.

ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ದಿನ ಮನಸ್ಸಿಟ್ಟು ಕೇಳಿದೆ. ನಡುವೆ ಒಂದು ತುಂಡು ಬಂತು, ಮೇಲೆ ಹೆಸರಿಲ್ಲದೆ ಸಿಬ್ಬಂದಿ ಎಂದಷ್ಟೇ ಇತ್ತು. "ಬಿಡಬ್ಯಾಡ್ರಿ. ಹೇಳಾಕತ್ತೀನಿಲ್ಲ, ಮದಲ ನಿಲ್ಲಸ್ರಿ ಅದನ್ನ" ಎಂದು ಒಬ್ಬ ಗಂಡಸು ಕಿರುಚುತ್ತಿದ್ದ. ಗಡಸು ದನಿ, ನಯದ ಸೋಂಕಿಲ್ಲ. ಒಂದು ಕ್ಷಣವೂ ಯೋಚಿಸದೆ "ಸಿಟ್ಟು" ಎಂದು ಗುರುತು ಹಾಕಿದೆ. ಷರಾ ಬರೆಯಲು ಜಾಗವಿತ್ತು. ಸಾರ್ವಜನಿಕರ ಜೊತೆ ಹೀಗೆ ಮಾತಾಡುವ ಸಿಬ್ಬಂದಿಗೆ ತಿಳಿವಳಿಕೆ ಕೊಡುವುದು ಅಗತ್ಯ ಎಂದು ಬರೆದೆ.

ಸಂಜೆ ಸ್ಮಿತಾ ಪಟ್ಟಿ ತಂದಳು. ಆ ತುಂಡಿಗೆ ಉಳಿದಿಬ್ಬರೂ ಅಂಜಿಕೆ ಎಂದು ಹಾಕಿದ್ದರು. ಇದು ಅಂಜಿಕೆ ಹೇಗಾಗುತ್ತದೆ, ಈ ಮನುಷ್ಯ ಎದುರಿಗಿದ್ದರೆ ಹೊಡೆಯುತ್ತಿದ್ದ ಎಂದು ನಾನು ವಾದಿಸಿದೆ. ಹಣಮಂತ್ರಾಯ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ನಿಮ್ದೇ ಅದ ರೀ ಸಾಹೇಬ್ರ" ಎಂದ. "ಕುರಿ ನಿಲ್ಲಸಾಕ ಹೇಳಿದ್ರಲ್ಲ, ಅವತ್ತಿಂದು."

ಮತ್ತೆ ಹಾಕಿಸಿ ಕೇಳಿದೆ. ಮೂರು ಸಲ ಕೇಳಿದೆ. ದನಿಯ ಒಡೆಯ ನಾನೇ ಆದ್ದರಿಂದ ನನ್ನ ಮಾತಿಗೆ ಹೆಚ್ಚು ಬೆಲೆ ಕೊಡಬೇಕೆಂದು ಸ್ಮಿತಾಳಿಗೆ ಹೇಳಿದೆ. ತಮ್ಮ ದನಿಗೆ ತಾವೇ ಗುರುತು ಹಾಕುವಂತಿಲ್ಲ ಸರ್, ಅದು ನಿಯಮ ಎಂದು ಆಕೆ ಬಹಳ ಮೃದುವಾಗಿ ಹೇಳಿದಳು. ನನ್ನ ಗುರುತು ಅಳಿಸಿಹೋಯಿತು. ಷರಾ ಮಾತ್ರ ಉಳಿಯಿತು. ಸಾಹೇಬರು ಅದನ್ನು ಓದಿ ಪೂರ್ತಿ ಒಪ್ಪಿ, ಸಂಬಂಧಪಟ್ಟ ಸಿಬ್ಬಂದಿಗೆ ಒಂದು ನೋಟೀಸು ಕಳಿಸಲು ಹೇಳಿದರು. ಕಚೇರಿಯಲ್ಲಿ ಟೈಪು ಮಾಡುವವನು ನಾನೇ. ಮಾಡಿದೆ. ಶಹನಾಜ್ ಬೇಗಂ ಅದಕ್ಕೆ ಜಾವಕ ನಂಬರು ಹಾಕಿ ನನಗೇ ಕೊಟ್ಟಳು. ತಲುಪಿದೆ ಎಂದು ಸಹಿ ಮಾಡಿದೆ. ಹಾಗೆ ಕಿರುಚುವಾಗ ಮನಸ್ಸಿನಲ್ಲಿ ಏನಿತ್ತೆಂದು ಮೂರು ದಿನದೊಳಗೆ ಉತ್ತರ ಕೊಡಬೇಕೆಂದು ಅದರಲ್ಲಿ ಸ್ವಲ್ಪ ಖಾರವಾಗಿಯೇ ಬರೆದಿದ್ದೇನೆ. ಉತ್ತರವನ್ನು ಇನ್ನೂ ಬರೆದಿಲ್ಲ. ಇಂಥ ಮನುಷ್ಯನಿಗೆ ಏನು ಅನಿಸಿತ್ತು ಎಂದು ನನ್ನನ್ನು ಕೇಳಿದರೆ ನಾನು ಹೇಗೆ ಹೇಳಲಿ?